ವಾರದ ಗುಳಿಗೆ: ಔಷಧಪತ್ರದ ಕನ್ನಡವನ್ನು ಕುರಿತು

ವಿಮರ್ಶೆಯೆಂದೊಡನೆ ಕಾವ್ಯ, ನಾಟಕ, ಕಾದಂಬರಿಗಳ ಗುಣದೋಷ ವಿವೇಚನೆಯೆಂದೇ ನಮ್ಮ ಕಾಲೇಜುಗಳಲ್ಲಿ ತಿಳಿಯುವುದು ವಾಡಿಕೆ. ಆದರೆ ಮಾತಿನಿಂದಾದ ಯಾವ ರಚನೆಯೂ ವಿಮರ್ಶೆಗೆ ಹೊರತಲ್ಲ. ಅದರಲ್ಲಿಯೂ ಒಂದು ಪದದ ಅರ್ಥವು ಅತ್ತಿತ್ತ ಸರಿದರೆ ಓದಿದವನ ಪ್ರಾಣಕ್ಕೇ ಸಂಚಕಾರ ಬರುವಂಥ ಬರಹವಿದ್ದರೆ, ಅದನ್ನು ಒರೆಗೆ ಹಚ್ಚಿ ನೋಡತಕ್ಕವರು ಭಾಷೆಯನ್ನು ಅಭ್ಯಾಸ ಮಾಡುವವರೇ. ಸೋರಿಯಾಸಿಸ್ ಎಂಬ ಚರ್ಮರೋಗಕ್ಕೆ ನುಂಗಲು ಕೊಡುವ ಔಷಧಗಳೊಡನೆ ರೋಗಿಯ ಕೈಗೆ ಬರುವ ಚೀಟಿ, ಆ ಚೀಟಿಯನ್ನು ವಿವರಿಸಿ ಆಡುವ ಮಾತು, ಪತ್ರಿಕೆಗಳ ಆರೋಗ್ಯದ ಅಂಕಣಗಳಲ್ಲಿ ಬರುವ ಕನ್ನಡ, ಇವು ಮೂರೂ ಆ ಜಾತಿಗೆ ಸೇರಿದವು. ಇವನ್ನು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಐದು ತಾಲೂಕುಗಳ ಆಡುಮಾತಿನ ಎದುರಿಗೆ ಇಟ್ಟು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ಪ್ರದೇಶವನ್ನೇ ಆರಿಸಿಕೊಂಡುದಕ್ಕೆ ಕಾರಣವುಂಟು. ಬೆಳಗಾವಿ ಜಿಲ್ಲೆಯ ಈ ಉತ್ತರದ ಅಂಚಿನಲ್ಲಿ ಒಂದೇ ಮನೆಯೊಳಗೆ ಕನ್ನಡವೂ ಮರಾಠಿಯೂ ನಡೆಯುತ್ತವೆ. ನಿಪ್ಪಾಣಿಯವರಿಗೆ ಬೆಳಗಾವಿಗಿಂತ ಕೊಲ್ಹಾಪುರ ಹತ್ತಿರ. ಕಾಗವಾಡ, ಅಥಣಿಗಳ ಜನ ೧೮೯೪ರಲ್ಲಿ ವ್ಯಾನ್‌ಲೆಸ್ ಎಂಬ ವೈದ್ಯರು ಮೀರಜಿನಲ್ಲಿ ಆಸ್ಪತ್ರೆ ತೆರೆದ ಕಾಲದಿಂದಲೂ ದೊಡ್ಡ ಬೇನೆಗೆಲ್ಲ ಮೀರಜಿನ ದಾರಿ ಹಿಡಿದವರು. ಬೆಳಗಾವಿಯಲ್ಲಿ ೧೯೬೩ರಲ್ಲಿ ವೈದ್ಯಕೀಯ ಕಾಲೇಜು ಆದ ಮೇಲೂ ಈ ರೂಢಿ ಪೂರ್ತಿ ತಪ್ಪಿಲ್ಲ. ಹೀಗಾಗಿ ರೋಗಿಯು ಮನೆಯಲ್ಲಿ ತುರಿಕೆಯನ್ನು ಕನ್ನಡದಲ್ಲಿ ಅನುಭವಿಸಿ, ವೈದ್ಯರಿಗೆ ಮರಾಠಿಯಲ್ಲಿ ಹೇಳಿ, ಚೀಟಿಯನ್ನು ಇಂಗ್ಲಿಷಿನಲ್ಲಿ ಪಡೆದು, ಔಷಧದ ಅಂಗಡಿಯವನಿಂದ ಮತ್ತೆ ಕನ್ನಡದಲ್ಲಿ ಅರ್ಥ ಕೇಳಿಕೊಳ್ಳುತ್ತಾನೆ. ನಾಲ್ಕು ಕೈ ದಾಟಿ ಬಂದ ಮಾತು ಹೊರಟಾಗ ಇದ್ದಂತೆಯೇ ಮುಟ್ಟುವುದೆಂದು ನಂಬುವುದು ಕಷ್ಟ.

ಮೊದಲು ರೋಗದ ಹೆಸರನ್ನೇ ನೋಡೋಣ. ಗ್ರೀಕ್ ಭಾಷೆಯಲ್ಲಿ ತುರಿಕೆ ಎಂಬ ಅರ್ಥದ ಮಾತಿನಿಂದ ಈ ಹೆಸರು ಹುಟ್ಟಿದೆ. ಕನ್ನಡದ ಕಿವಿಗೆ ಮಾತ್ರ ಇದರಲ್ಲಿ ‘ಸೋರು’ ಎಂಬ ಧಾತು ಕೇಳಿಸುತ್ತದೆ. ಸೋರುವ ರೋಗವೆಂದು ಊಹಿಸಿಕೊಂಡವನಿಗೆ, ಒಣಗಿ ಬೆಳ್ಳಿಯ ಹೊಟ್ಟಿನಂತೆ ಉದುರುವ ತನ್ನ ಚರ್ಮವು ಬೇರೆ ಯಾವುದೋ ಬೇನೆಯೆಂದೇ ತೋರೀತು. ಸಂಸ್ಕೃತಕ್ಕೆ ಹೋದರೆ ತೊಡಕು ಇನ್ನೂ ಹೆಚ್ಚು. ಭಾರತೀಯ ಭಾಷೆಗಳ ಕೆಲವು ಪದಕೋಶಗಳಲ್ಲಿ ಇದಕ್ಕೆ ‘ವಿಚರ್ಚಿಕಾ’ ಎಂಬ ಪದವನ್ನು ಕೊಟ್ಟಿರುವುದುಂಟು. ಆದರೆ ಚರಕನ ವಿಚರ್ಚಿಕೆಯು ಬಹುವಾಗಿ ಸ್ರವಿಸತಕ್ಕದ್ದು, ಅಂದರೆ ನಾವು ‘ಇಸಬು’ ಎನ್ನುವುದಕ್ಕೆ ಸಮೀಪವಾದುದು. ಲಕ್ಷಣಕ್ಕೆ ಒಪ್ಪುವುದು ಅದೇ ಗ್ರಂಥದ ‘ಏಕಕುಷ್ಠ’: ಬೆವರಿಲ್ಲದೆ, ಮೈಯ ಬಹುಭಾಗವನ್ನು ವ್ಯಾಪಿಸಿ, ಮೀನಿನ ಹುರುಪೆಯಂತೆ ಕಾಣುವುದೆಂದು ಅದರ ವರ್ಣನೆ. ಇಂದಿನ ಆಯುರ್ವೇದ ಪಂಡಿತರೂ ಬಹುಮಟ್ಟಿಗೆ ಇದನ್ನೋ, ‘ಕಿಟಿಭ’ವನ್ನೋ ಸೋರಿಯಾಸಿಸ್ ಎಂದು ಹೇಳುತ್ತಾರೆ. ಚರಕನಲ್ಲಿ ಕುಷ್ಠವೆಂಬುದು ಹದಿನೆಂಟು ಚರ್ಮರೋಗಗಳಿಗೆ ಸಾಮಾನ್ಯವಾದ ಹೆಸರು. ಈಗಿನ ಕನ್ನಡದಲ್ಲಿ ಅದು ಒಂದೇ ರೋಗಕ್ಕೆ, ಜನ ‘ಮಹಾರೋಗ’ವೆಂದು ಹೆದರುವ ರೋಗಕ್ಕೆ, ನಿಂತುಬಿಟ್ಟಿದೆ. ಆದುದರಿಂದ ‘ಏಕಕುಷ್ಠ’ವೆಂದು ಬರೆದ ಚೀಟಿ ಶಾಸ್ತ್ರಕ್ಕೆ ಸರಿಯಾದರೂ ಲೋಕಕ್ಕೆ ಅಪಚಾರ, ಮದುವೆಗೆ ಬಂದ ಮಗಳಿರುವ ಮನೆಯಲ್ಲಿ ಆ ಎರಡನೆಯ ಪದವು ಮಾಡುವ ಹಾನಿಯನ್ನು ಯಾವ ಔಷಧವೂ ತುಂಬಲಾರದು. ಯೂರೋಪಿನವರೂ ಈ ತೊಡಕಿನಿಂದ ಪಾರಾದುದು ತಡವಾಗಿಯೇ. ವಿಲ್ಲನ್ ಎಂಬ ಆಂಗ್ಲ ವೈದ್ಯನು ೧೮೦೮ರಲ್ಲಿ ಈ ರೋಗದ ಒಂದು ರೂಪವನ್ನು ಕುಷ್ಠವಾಚಕವಾದ ‘ಲೆಪ್ರಾ’ ಎಂಬ ಹೆಸರಿನಿಂದಲೇ ಕರೆದಿದ್ದನು. ೧೮೪೧ರಲ್ಲಿ ವಿಯೆನ್ನಾದ ಹೆಬ್ರಾ ಅದನ್ನು ಬಿಡಿಸಿ ಎರಡನ್ನೂ ಬೇರೆ ಮಾಡಿದನು. ನಮ್ಮ ಅಭಿಪ್ರಾಯದಲ್ಲಿ ‘ಸೋರಿಯಾಸಿಸ್’ ಎಂಬ ಪರದೇಶಿ ಪದವೇ ಇರಲಿ. ‘ಇದು ಅಂಟುವುದಿಲ್ಲ’ ಎಂಬೆರಡು ಮಾತು ಅದರ ಪಕ್ಕದಲ್ಲಿಯೇ ಇದ್ದರೆ ಸಾಕು.

ಹೆಸರಿನಿಂದಾಗುವ ಹಾನಿ ಮನಸ್ಸಿಗೆ. ಔಷಧದ ವಿಧಿವಾಕ್ಯದಿಂದಾಗುವ ಹಾನಿ ನೇರವಾಗಿ ದೇಹಕ್ಕೆ. ಈ ರೋಗಕ್ಕೆ ನುಂಗಲು ಕೊಡುವ ಔಷಧಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದೂ ಅಗ್ಗವಾದುದೂ ಮೆಥೋಟ್ರೆಕ್ಸೇಟ್. ಇದರ ಪೂರ್ವಚರಿತ್ರೆಯಲ್ಲಿ ನಮ್ಮ ನೆರೆಯ ಆಂಧ್ರದ ಎಲ್ಲಾಪ್ರಗಡ ಸುಬ್ಬರಾವ್ (೧೮೯೫–೧೯೪೮) ಅವರ ಹೆಸರು ಬರುತ್ತದೆ. ಅಮೆರಿಕೆಯ ಲೆಡರ್ಲಿ ಪ್ರಯೋಗಶಾಲೆಯಲ್ಲಿ ಅವರ ನೇತೃತ್ವದ ತಂಡವು ಫೋಲಿಕ್ ಆಮ್ಲವನ್ನೂ, ಅದರ ವಿರೋಧಿಯಾದ ಅಮಿನಾಪ್ಟೆರಿನನ್ನೂ ಸಿದ್ಧಪಡಿಸಿತು. ೧೯೫೧ರಲ್ಲಿ ಗುಬ್ನರ್ ಎಂಬವರು ಸಂಧಿವಾತಕ್ಕೆಂದು ಈ ವಿರೋಧಿಯನ್ನು ಕೊಟ್ಟು ನೋಡುವಾಗ ರೋಗಿಯ ಸೋರಿಯಾಸಿಸ್ ಕಲೆಗಳು ಮಾಯವಾದುದನ್ನು ಕಂಡರು. ೧೯೫೮ರಿಂದ ಅದರ ಸೋದರಿಯಾದ ಮೆಥೋಟ್ರೆಕ್ಸೇಟ್ ಬಳಕೆಗೆ ಬಂತು. ಮೊದಮೊದಲು ಇದನ್ನು ದಿನವೂ ಕೊಡುತ್ತಿದ್ದುದೂ ಉಂಟು. ಯಕೃತ್ತಿಗೂ ರಕ್ತಕ್ಕೂ ಅದು ಕೆಡುಕೆಂದು ತಿಳಿದ ಮೇಲೆ ವಾರದ ಲೆಕ್ಕ ನಿಂತಿತು. ೧೯೭೧ರಲ್ಲಿ ವೈನ್‌ಸ್ಟೈನ್ ಮತ್ತು ಫ್ರಾಸ್ಟ್ ಇಬ್ಬರೂ ಹನ್ನೆರಡು ಗಂಟೆಗೊಮ್ಮೆಯಂತೆ ಮೂರು ಸಲ ಕೊಟ್ಟು ಮುಂದೆ ವಾರವಿಡೀ ಬಿಡುವ ಕ್ರಮವನ್ನು ಪ್ರಕಟಿಸಿದರು. ಇಂದು ಒಂದೇ ಹೊತ್ತಿಗೆ, ವಾರಕ್ಕೆ ಒಟ್ಟು ೭.೫ರಿಂದ ೨೫ ಮಿಲಿಗ್ರಾಮಿನೊಳಗೆ ಕೊಡುವುದೇ ಹೆಚ್ಚು. ಇದೇ ಪ್ರಮಾಣವನ್ನು ದಿನವೂ ನುಂಗಿದರೆ ಕೆಲವೇ ದಿನಗಳಲ್ಲಿ ಬಾಯಿ ಹುಣ್ಣಾಗಿ, ಎಲುಬಿನ ಮಜ್ಜೆಯು ರಕ್ತಕಣಗಳನ್ನು ಹುಟ್ಟಿಸುವುದನ್ನು ನಿಲ್ಲಿಸಿ, ರೋಗಿ ಸಾಯಬಹುದು. ಹೀಗೆ ಸತ್ತವರು ಅನೇಕ ದೇಶಗಳಲ್ಲಿದ್ದಾರೆ. ಹದಿನಾಲ್ಕನೆಯ ಶತಮಾನದ ಮಂಗರಾಜನು ಖಗೇಂದ್ರಮಣಿದರ್ಪಣದಲ್ಲಿ ವಿಷವೈದ್ಯವನ್ನು ಕನ್ನಡ ಪದ್ಯದಲ್ಲಿ ನಿರೂಪಿಸಿದನು. ಮದ್ದಿಗೂ ವಿಷಕ್ಕೂ ಇರುವ ನಂಟು ಕನ್ನಡಕ್ಕೆ ಹೊಸದಲ್ಲ. ಇಲ್ಲಿ ಹೊಸದೆಂದರೆ, ಮದ್ದು ವಿಷವಾಗುವುದು ಒಂದು ವಿಭಕ್ತಿಪ್ರತ್ಯಯದ ಬಲದಿಂದ ಎಂಬುದು.

ಹೇಗೆಂಬುದನ್ನು ವಿಚಾರಿಸೋಣ. ‘ಇವು ವಾರದ ಗುಳಿಗೆ’ ಎಂಬ ವಾಕ್ಯವನ್ನು ಉದಾಹರಣೆಗೆಂದು ಕಟ್ಟಿಕೊಳ್ಳೋಣ. ಹೇಳಿದವನ ವಿವಕ್ಷೆ, ವಾರಕ್ಕೊಮ್ಮೆ ನುಂಗತಕ್ಕ ಗುಳಿಗೆ ಎಂದು. ಆದರೆ ಷಷ್ಠಿಯ ಈ ಪ್ರಯೋಗಕ್ಕೆ ಕನ್ನಡದಲ್ಲಿ ಮೊದಲು ಹೊಳೆಯುವ ಅರ್ಥ ಬೇರೆ. ‘ವಾರದ ರೇಶನ್’, ‘ತಿಂಗಳ ಪಗಾರ’ ಎಂಬಲ್ಲಿ ಹೇಗೋ ಹಾಗೆ, ವಾರದ ಗುಳಿಗೆ ಎಂದರೆ ಒಂದು ವಾರಕ್ಕೆ ಆಗುವಷ್ಟು ಗುಳಿಗೆ, ದಿನಕ್ಕಿಷ್ಟರಂತೆ ವಾರದಲ್ಲಿ ತೀರಿಸತಕ್ಕದ್ದು. ಮಮ್ಮಟನು ಕಾವ್ಯಪ್ರಕಾಶದ ಏಳನೆಯ ಉಲ್ಲಾಸದಲ್ಲಿ ಎಣಿಸಿದ ಪದದೋಷಗಳಲ್ಲಿ ‘ನಿಹತಾರ್ಥ’ವೆಂಬುದೊಂದಿದೆ. ಎರಡು ಅರ್ಥಗಳುಳ್ಳ ಪದವನ್ನು ಅಪ್ರಸಿದ್ಧವಾದ ಅರ್ಥದಲ್ಲಿ ಬಳಸಿದಾಗ, ಪ್ರಸಿದ್ಧಾರ್ಥವು ಮುಂದೆ ಬಂದು ಅದನ್ನು ಮುಚ್ಚಿಬಿಡುವುದೇ ಆ ದೋಷ. ಕಾವ್ಯದಲ್ಲಿ ಅದರಿಂದ ರಸಪ್ರತೀತಿ ತಡವಾದೀತು, ಅಷ್ಟೆ. ಇಲ್ಲಿ ಏಳು ಪಟ್ಟು ಮದ್ದು ಹೊಟ್ಟೆಗೆ ಹೋಗುತ್ತದೆ.

‘ವಾರಕ್ಕೊಂದು’ ಎಂದರೂ ನಿಶ್ಚಿಂತೆಯಿಲ್ಲ. ಕನ್ನಡದ ‘ವಾರ’ವು ಏಳು ದಿನಗಳ ಗುಂಪಿಗೂ ಹೆಸರು, ಅದರ ಒಂದೊಂದು ದಿನಕ್ಕೂ ಹೆಸರು. ‘ಇಂದು ಯಾವ ವಾರ?’ ಎಂದು ಕೇಳುತ್ತೇವೆ. ‘ವಾರ ಹಿಡಿದಿದ್ದಾಳೆ’ ಎಂದರೆ ಸೋಮವಾರವೋ ಶನಿವಾರವೋ ಉಪವಾಸ ಮಾಡುತ್ತಾಳೆಂದು ತಿಳಿಯುತ್ತೇವೆ. ಮರಾಠಿಯಲ್ಲಿ ಈ ಎರಡು ಅರ್ಥಗಳಿಗೆ ಬೇರೆ ಬೇರೆ ಪದಗಳಿವೆ: ದಿನಕ್ಕೆ ‘ವಾರ’, ಏಳು ದಿನಗಳ ಅವಧಿಗೆ ‘ಆಠವಡಾ’. ಆದುದರಿಂದ ಮರಾಠಿಯೇ ಮನೆಮಾತಾದ ನಿಪ್ಪಾಣಿಯ ಮುದುಕಿಗೆ ಅಂಗಡಿಯವನು ಕನ್ನಡದಲ್ಲಿ ‘ವಾರಕ್ಕೊಂದು’ ಎಂದರೆ, ಒಂದೊಂದು ವಾರಕ್ಕೆ ಒಂದೊಂದರಂತೆ, ಅಂದರೆ ದಿನವೂ ಒಂದು, ಎಂದು ಆಕೆ ಗ್ರಹಿಸಿದರೆ ವ್ಯಾಕರಣದ ದೃಷ್ಟಿಯಿಂದ ಆಕೆಯ ಮೇಲೆ ತಪ್ಪು ಹೊರಿಸುವಂತಿಲ್ಲ. ಇದು ‘ಸಂದಿಗ್ಧ’ವೆಂಬ ದೋಷ. ಇನ್ನು ಈ ಸೀಮೆಯ ಕನ್ನಡಿಗರು ಸಹಜವಾಗಿ ಆಡುವುದು ‘ಎಂಟ ದಿನಕ್ಕೊಮ್ಮಿ’ ಎಂದು. ಮೊದಲ ದಿನವನ್ನೂ ಸೇರಿಸಿ ಎಣಿಸುವ ಹಳೆಯ ಲೆಕ್ಕವಿದು, ಆಠವಡಾದಲ್ಲಿರುವ ಎಂಟೂ ಇದೇ. ಇದರಲ್ಲಿ ಅಪಾಯವಿಲ್ಲ. ಬರೆದ ಎಂಟನ್ನೇ ಹಿಡಿದು ಎಣಿಸುವ ಶಾಲೆಯ ಹುಡುಗನಿದ್ದರೆ ಗುಳಿಗೆಯ ದಿನ ಒಂದೊಂದೇ ಮುಂದೆ ಸರಿದೀತು, ಅಷ್ಟೇ.

ರೋಗಿಯ ತಲೆಯಲ್ಲಿ ಔಷಧಕ್ಕೊಂದು ವ್ಯಾಕರಣ ಮೊದಲೇ ಸಿದ್ಧವಾಗಿರುತ್ತದೆಂಬುದನ್ನೂ ಮರೆಯಲಾಗದು. ಗುಳಿಗೆಯೆಂದರೆ ಮುಂಜಾನೆ, ಮಧ್ಯಾಹ್ನ, ಸಂಜೆ, ಊಟವಾದ ಮೇಲೆ. ಚೀಟಿಯಲ್ಲಿ ‘ಮೂರು’ ಎಂಬ ಅಂಕಿ ಕಂಡರೆ ಅದು ಮೂರು ಹೊತ್ತಿಗೆ ತಾನಾಗಿ ಹಂಚಿಕೊಳ್ಳುತ್ತದೆ. ವಾಕ್ಯಾರ್ಥಕ್ಕೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಬೇಕೆಂದು ನಮ್ಮ ಶಾಸ್ತ್ರಕಾರರು ಹೇಳುತ್ತಾರೆ. ಚೀಟಿಯಲ್ಲಿ ಗುಳಿಗೆಯ ಹೆಸರು ಒಂದು ಕಡೆ, ಅಂಕಿ ಇನ್ನೊಂದು ಕಡೆ, ವಾರದ ಸೂಚನೆ ಮೂಲೆಯಲ್ಲಿ ಇಂಗ್ಲಿಷಿನ ಎರಡಕ್ಷರವಾಗಿ ಇದ್ದರೆ ಸನ್ನಿಧಿ ಎಲ್ಲಿ ಬಂತು? ಆಕಾಂಕ್ಷೆಯನ್ನು ರೋಗಿಯ ರೂಢಿಯೇ ತುಂಬಿಕೊಳ್ಳುತ್ತದೆ.

ಪರಿಹಾರವು ದಿನದ ಹೆಸರನ್ನು ಹೇಳುವುದರಲ್ಲಿದೆ. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆಯು ೨೦೨೦ರಲ್ಲಿ, ವಾರದ ಯಾವ ದಿನವೆಂಬುದನ್ನು ರೋಗಿಯೊಡನೆ ನಿಶ್ಚಯಿಸಿ ಚೀಟಿಯಲ್ಲಿ ಪೂರ್ತಿಯಾಗಿ ಬರೆಯಬೇಕೆಂದು ಸೂಚಿಸಿತು. ನಮ್ಮ ಹಳ್ಳಿಗಳಿಗೆ ಇದು ಸುಲಭ, ಏಕೆಂದರೆ ಅಲ್ಲಿ ಕಾಲವನ್ನು ಅಳೆಯುವುದೇ ಸಂತೆಯಿಂದ ಸಂತೆಗೆ. ಸಂತೆಯ ದಿನವನ್ನು ಮರೆತವರಿಲ್ಲ. ಆದರೂ ಗುಳಿಗೆಯನ್ನು ಸಂತೆಯ ಮರುದಿನಕ್ಕೆ ಗೊತ್ತುಮಾಡುವುದು ಲೇಸು. ಸಂತೆಯ ಸಂಜೆ ಕೆಲವರ ಹೊಟ್ಟೆಗೆ ಏನೇನು ಹೋಗುತ್ತದೆಂಬುದು ಎಲ್ಲರೂ ಬಲ್ಲ ಸಂಗತಿ, ಈ ಔಷಧಕ್ಕೂ ಮದ್ಯಕ್ಕೂ ಯಕೃತ್ತಿನಲ್ಲಿ ಆಗದು. ವಾರ ಹಿಡಿಯುವ ರೂಢಿಯೂ ಉಪಯೋಗಕ್ಕೆ ಬರುತ್ತದೆ. ಜೈನ ಬಂಧುಗಳು ಹೆಚ್ಚಾಗಿರುವ ಈ ತಾಲೂಕುಗಳಲ್ಲಿ ಮಾತ್ರ ಒಂದು ಎಚ್ಚರಿಕೆ ಬೇಕು: ಅಷ್ಟಮಿ, ಚತುರ್ದಶಿಗಳ ವ್ರತಕ್ಕೆ ಗುಳಿಗೆಯನ್ನು ಹೊಂದಿಸಬಾರದು. ತಿಥಿಯ ಲೆಕ್ಕದಲ್ಲಿ ಒಮ್ಮೆ ಆರು ದಿನದ ಅಂತರ, ಒಮ್ಮೆ ಒಂಬತ್ತು ದಿನದ್ದು. ‘ರಾತ್ರಿ ಊಟವಾದ ಮೇಲೆ’ ಎಂಬ ಅಚ್ಚಿನ ಮಾತೂ ಸೂರ್ಯಾಸ್ತದೊಳಗೆ ಊಟ ಮುಗಿಸುವವರಿಗೆ ಅರ್ಥವಿಲ್ಲದ್ದು. ಹೀಗೆ ಬರೆದರೆ ಸಾಕೆಂದು ತೋರುತ್ತದೆ: ‘ಬೇಸ್ತವಾರ ಸಂಜೆ ಊಟ ಮಾಡಿ ಮೂರು ಗುಳಿಗಿ ಒಮ್ಮೆಲೇ ತಗೋರಿ. ಉಳಿದ ಆರು ದಿನ ಈ ಗುಳಿಗಿ ಮುಟ್ಟಬ್ಯಾಡ್ರಿ.’ ಎರಡನೆಯ ವಾಕ್ಯವು ಪುನರುಕ್ತಿಯೆಂದು ಅಲಂಕಾರಿಕರು ಆಕ್ಷೇಪಿಸಿಯಾರು. ಆ ಪುನರುಕ್ತಿಯೇ ಇಲ್ಲಿ ಪ್ರಾಣ. ‘ಗುಳಿಗಿ’ ಎಂಬುದನ್ನು ಗ್ರಾಮ್ಯವೆಂದು ತಿದ್ದಿ ‘ಮಾತ್ರೆ’, ‘ಗುಟಿಕೆ’ಗಳನ್ನು ಹಾಕುವವರೂ ಇದ್ದಾರೆ, ‘ಸಾಪ್ತಾಹಿಕ ಸೇವನೆ’ ಎಂದು ಬರೆಯುವವರೂ ಇದ್ದಾರೆ. ಆಯಾ ಶಾಸ್ತ್ರದಲ್ಲಷ್ಟೇ ಪ್ರಸಿದ್ಧವಾದ ಪದವನ್ನು ಲೋಕದಲ್ಲಿ ಬಳಸುವುದು ‘ಅಪ್ರತೀತ’ವೆಂಬ ದೋಷ. ಗ್ರಾಮ್ಯಕ್ಕಿಂತ ಅಪ್ರತೀತವು ಇಲ್ಲಿ ನೂರು ಪಾಲು ಕೆಟ್ಟದ್ದು.

ಸಂಖ್ಯೆಯನ್ನು ಹೇಳುವುದರಲ್ಲಿಯೂ ಒಂದು ಕುತ್ತಿದೆ. ಈ ಗುಳಿಗೆಯು ೨.೫, ೫, ೭.೫, ೧೦, ೧೫ ಮಿಲಿಗ್ರಾಮುಗಳಲ್ಲಿ ಸಿಗುತ್ತದೆ. ‘ಮೂರು ಗುಳಿಗೆ’ ಎಂದು ಬಾಯಿಪಾಠ ಮಾಡಿಕೊಂಡವನಿಗೆ ಅಂಗಡಿಯಲ್ಲಿ ೨.೫ರ ಬದಲು ೭.೫ರದು ಸಿಕ್ಕರೆ ಪ್ರಮಾಣ ಮೂರು ಪಟ್ಟಾಯಿತು. ಒಬ್ಬ ರೋಗಿಗೆ ಕೊನೆಯವರೆಗೂ ಒಂದೇ ಅಳತೆಯದನ್ನು ಕೊಡುವುದು ಉತ್ತಮ. ಮೇಲಾಗಿ ಮೆಥೋಟ್ರೆಕ್ಸೇಟಿನ ಉಪದ್ರವವನ್ನು ತಗ್ಗಿಸಲು ಉಳಿದ ದಿನಗಳಲ್ಲಿ ಫೋಲಿಕ್ ಆಮ್ಲದ ಗುಳಿಗೆ ಕೊಡುವ ಪದ್ಧತಿ ಇದೆ. ಎರಡೂ ಸಾಮಾನ್ಯವಾಗಿ ಹಳದಿ ಬಣ್ಣದ ಚಿಕ್ಕ ಗುಳಿಗೆಗಳು. ಮಾರುಕಟ್ಟೆಯ ಹೆಸರುಗಳಾದರೂ ಬೇರೆಯಾಗಿವೆಯೇ ಎಂದರೆ, ಬಹಳ ಬಳಕೆಯ ಮೆಥೋಟ್ರೆಕ್ಸೇಟಿಗೆ ಫೋಲಿಟ್ರ್ಯಾಕ್ಸ್ ಎಂದು, ಬಹಳ ಬಳಕೆಯ ಫೋಲಿಕ್ ಆಮ್ಲಕ್ಕೆ ಫೋಲ್ವೈಟ್ ಎಂದು ಹೆಸರು. ಒಂದು ವಾರಕ್ಕೊಮ್ಮೆ ನುಂಗುವ ವಿಷ, ಇನ್ನೊಂದು ಅದರ ಪ್ರತಿವಿಷ. ಎರಡಕ್ಕೂ ಒಂದೇ ಆದ್ಯಕ್ಷರ. ಕಾವ್ಯದಲ್ಲಿ ಕಿವಿಗೆ ಇಂಪಾದ ಅನುಪ್ರಾಸವು ಗುಳಿಗೆಯ ಡಬ್ಬಿಯ ಮೇಲೆ ಬಂದರೆ ಏನಾಗಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನಮಗೆ ದೊರೆತಿಲ್ಲ.

ಇಷ್ಟೆಲ್ಲ ಆಗಿಯೂ ತಪ್ಪು ನಡೆದರೆ ದೇಹವೇ ಮೊದಲ ಸೂಚನೆ ಕೊಡುತ್ತದೆ: ಬಾಯಿಯಲ್ಲಿ ಹುಣ್ಣು. ಆ ಕ್ಷಣಕ್ಕೆ ಗುಳಿಗೆ ನಿಲ್ಲಿಸಿ ವೈದ್ಯರಲ್ಲಿಗೆ ಓಡಿ ರಕ್ತ ಪರೀಕ್ಷಿಸಿಕೊಂಡರೆ, ಫೋಲಿನಿಕ್ ಆಮ್ಲವೆಂಬ ಪ್ರತ್ಯೌಷಧವಿದೆ. ಆದರೆ ನಮ್ಮ ಜನರ ಭಾಷೆಯಲ್ಲಿ ಬಾಯಿಹುಣ್ಣಿಗೆ ಕಾರಣ ನಿಶ್ಚಿತವಾಗಿದೆ, ಅದು ‘ಉಷ್ಣ’. ಉಷ್ಣವಾದರೆ ಮಜ್ಜಿಗೆ ಕುಡಿಯುವುದು, ಸಬ್ಬಕ್ಕಿ ಗಂಜಿ ಕುಡಿಯುವುದು, ತಲೆಗೆ ಎಣ್ಣೆ ಹಚ್ಚುವುದು. ವೈದ್ಯರ ಗುಳಿಗೆ ಉಷ್ಣವೆಂಬುದಂತೂ ಲೋಕಪ್ರಸಿದ್ಧವೇ, ಅದನ್ನು ತಾಳಿಕೊಂಡು ನುಂಗುವುದೇ ರೋಗಿಯ ಧರ್ಮ. ಹೀಗೆ ಎಚ್ಚರಿಕೆಯ ಗಂಟೆಯು ನಿತ್ಯದ ಸದ್ದಾಗಿ ಕೇಳಿಸುತ್ತದೆ. ಕನ್ನಡದ ಆರೋಗ್ಯ ಲೇಖನಗಳಲ್ಲಿ ‘ಅಡ್ಡಪರಿಣಾಮಗಳು ಕಂಡುಬಂದಲ್ಲಿ ತಜ್ಞರನ್ನು ಸಂಪರ್ಕಿಸುವುದು’ ಎಂಬ ವಾಕ್ಯ ಎಷ್ಟು ಸಲ ಬಂದರೂ ಈ ಉಷ್ಣದ ನಂಬಿಕೆಯನ್ನು ಅಲುಗಿಸಲಾರದು. ಅದರ ಹೆಸರು ಹಿಡಿದೇ ಹೇಳಬೇಕು: ‘ಈ ಗುಳಿಗಿ ತಗೊಳ್ಳುವಾಗ ಬಾಯಾಗ ಹುಣ್ಣಾದರ ಅದು ಉಷ್ಣ ಅಲ್ಲ.’ ನೆಗಡಿ-ಕೆಮ್ಮಿಗೋ ಮೂತ್ರದ ಉರಿಗೋ ಬೇರೊಬ್ಬ ವೈದ್ಯರು ಕೊಡುವ ಕೊಟ್ರೈಮಾಕ್ಸಜೋಲ್ ಎಂಬ ಸಾಮಾನ್ಯ ಗುಳಿಗೆಯು ಇದರೊಡನೆ ಸೇರಿದರೂ ಮಜ್ಜೆ ಕುಸಿಯುತ್ತದೆ. ಆದುದರಿಂದ ಚೀಟಿಯು ರೋಗಿಯ ಜೊತೆಗೇ ಇರತಕ್ಕದ್ದು. ಕಬ್ಬು ಕಡಿಯಲು ಊರೂರಿಗೆ ಹೋಗುವ ಕುಟುಂಬಗಳಿಗೆ ಇದು ಸುಲಭವಲ್ಲ. ೨೦೧೯ರ ಆಗಸ್ಟಿನಲ್ಲಿ ಕೃಷ್ಣೆ ಮನೆಗಳೊಳಗೆ ನುಗ್ಗಿದಾಗ ಎಷ್ಟು ಮನೆಗಳಲ್ಲಿ ಕಾಗದವೆಂಬುದು ಉಳಿದಿತ್ತು?

‘ಕಡಿಮೆ’ ಎಂಬ ಇನ್ನೊಂದು ಪದವನ್ನೂ ನೋಡಬೇಕು. ಉತ್ತರ ಕರ್ನಾಟಕದಲ್ಲಿ ಜ್ವರ ‘ಕಡಿಮಿ ಆತು’ ಎಂದರೆ ತಗ್ಗಿತೆಂದಲ್ಲ, ಬಿಟ್ಟುಹೋಯಿತೆಂದು. ಸೋರಿಯಾಸಿಸ್ ಹತೋಟಿಗೆ ಬರುವ ರೋಗವೇ ಹೊರತು ಬೇರುಸಹಿತ ಹೋಗುವುದಲ್ಲ. ‘ಎರಡು ತಿಂಗಳಲ್ಲಿ ಕಡಿಮೆಯಾಗುತ್ತದೆ’ ಎಂದು ವೈದ್ಯರು ಪ್ರಾಮಾಣಿಕವಾಗಿಯೇ ಹೇಳಿದುದು ರೋಗಿಯ ಕಿವಿಯಲ್ಲಿ ವಾಸಿಯಾಗುವ ವಾಗ್ದಾನವಾಗುತ್ತದೆ. ವಾಗ್ದಾನ ತಪ್ಪಿತೆಂದು ಬೇಸತ್ತವನು ಎಂಟು ದಿನಗಳಲ್ಲಿ ಮೈ ಸ್ವಚ್ಛ ಮಾಡುವ ಸೂಜಿಯ ಕಡೆಗೆ, ಹೆಸರಿಲ್ಲದ ಪುಡಿಯ ಕಡೆಗೆ ಹೋಗುತ್ತಾನೆ. ಅವುಗಳಲ್ಲಿ ಸ್ಟೆರಾಯ್ಡ್ ಇದ್ದರೆ ಮೈ ಸ್ವಚ್ಛವಾಗುವುದೂ ನಿಜವೇ. ಬಿಟ್ಟ ಮೇಲೆ ರೋಗವು ಇಮ್ಮಡಿಸಿ, ಕೀವುಗುಳ್ಳೆಗಳಾಗಿಯೋ ಮೈಯೆಲ್ಲ ಕೆಂಪಾಗಿಯೋ ಮರಳುವುದೂ ಅಷ್ಟೇ ನಿಜ. ನುಂಗುವ ಸ್ಟೆರಾಯ್ಡನ್ನು ಈ ರೋಗಕ್ಕೆ ಬಳಸಬಾರದೆಂದು ಚರ್ಮವೈದ್ಯರು ಒತ್ತಿ ಹೇಳುವುದು ಇದಕ್ಕಾಗಿ.

ಇತರ ನುಂಗುವ ಔಷಧಗಳನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ. ೨೦೧೪ರಲ್ಲಿ ಅಮೆರಿಕೆಯಲ್ಲಿ ಅನುಮತಿ ಪಡೆದು ೨೦೧೭ರಿಂದ ನಮ್ಮಲ್ಲಿ ಸಿಗುತ್ತಿರುವ ಅಪ್ರೆಮಿಲಾಸ್ಟ್ ದಿನಕ್ಕೆರಡು ಸಲದ್ದು, ರೂಢಿಯ ವ್ಯಾಕರಣಕ್ಕೆ ಹೊಂದುತ್ತದೆ. ಮೊದಲ ದಿನಗಳಲ್ಲಿ ೧೦ ಮಿಲಿಗ್ರಾಮಿನಿಂದ ೩೦ಕ್ಕೆ ಮೆಟ್ಟಿಲೇರುವುದಷ್ಟೇ ತೊಡಕು. ಭೇದಿಯಾದೀತೆಂದು ಮೊದಲೇ ಹೇಳಿದ್ದರೆ ರೋಗಿ ಗಾಬರಿಯಾಗನು. ಸೈಕ್ಲೋಸ್ಪೋರಿನ್ ಕೊಟ್ಟರೆ ರಕ್ತದೊತ್ತಡವನ್ನೂ ಮೂತ್ರಪಿಂಡವನ್ನೂ ನೋಡುತ್ತಿರಬೇಕು. ಅದರ ಮೆತ್ತನೆಯ ಕ್ಯಾಪ್ಸೂಲಿನ ಹೊದಿಕೆ ಸಾಮಾನ್ಯವಾಗಿ ಪ್ರಾಣಿಜನ್ಯವಾದ ಜೆಲಾಟಿನ್ನಿನದು, ಕೆಲವು ಬಗೆಗಳ ಒಳಗೆ ಮದ್ಯಸಾರವೂ ಉಂಟು. ಇದನ್ನು ತಿಳಿದ ಶೇಡಬಾಳದ ಕಡೆಯ ಶ್ರಾವಕರೊಬ್ಬರು ಬೇಡವೆಂದರೆ ಅದನ್ನು ಹಟವೆಂದು ಎಣಿಸಲಾಗದು. ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಿಸಿದಾಗ, ಮದ್ಯಮಾಂಸಗಳಿಲ್ಲದ ಚಿಕಿತ್ಸೆಯನ್ನೇ ನಿರೂಪಿಸಿದನು. ಏನನ್ನು ನುಂಗುತ್ತಿದ್ದೇನೆಂದು ಕೇಳುವ ಹಕ್ಕು ಈ ನಾಡಿನ ರೋಗಿಗೆ ಎಂಟುನೂರು ವರ್ಷಕ್ಕೂ ಹಳೆಯದು, ಚೀಟಿಯಲ್ಲಿ ಅದಕ್ಕೆ ಉತ್ತರವಿರಬೇಕು.

ಕೊನೆಯದಾಗಿ ಅಶ್ಲೀಲವೆಂಬ ದೋಷದ ಭಯವನ್ನು ಪ್ರಸ್ತಾಪಿಸುವುದು ಅವಶ್ಯ. ಮೆಥೋಟ್ರೆಕ್ಸೇಟ್ ಗರ್ಭವನ್ನು ಕೆಡಿಸುತ್ತದೆ, ಶಿಶುವಿನ ಅಂಗಗಳನ್ನು ವಿಕಲಗೊಳಿಸುತ್ತದೆ. ಅಸಿಟ್ರೆಟಿನ್ ಎಂಬ ಇನ್ನೊಂದು ಔಷಧವನ್ನು ಬಿಟ್ಟ ಮೇಲೂ ಮೂರು ವರ್ಷ ಗರ್ಭ ನಿಲ್ಲಬಾರದು. ಹೀಗಿದ್ದೂ ಅಚ್ಚಿನ ಕನ್ನಡದಲ್ಲಿ ಸಾಮಾನ್ಯವಾಗಿ ಬರುವುದು ‘ಗರ್ಭಿಣಿಯರು ವೈದ್ಯರ ಸಲಹೆ ಪಡೆಯತಕ್ಕದ್ದು’ ಎಂಬ ಮಡಿವಂತಿಕೆಯ ಮಾತು. ತಾನು ಗರ್ಭಿಣಿಯೆಂದು ತಿಳಿಯುವ ಹೊತ್ತಿಗೆ ಮೂರು-ನಾಲ್ಕು ವಾರದ ಗುಳಿಗೆಗಳು ಹೊಟ್ಟೆ ಸೇರಿರುತ್ತವೆಂಬುದನ್ನು ಈ ವಾಕ್ಯ ಲಕ್ಷಿಸುವುದೇ ಇಲ್ಲ. ‘ಮುಟ್ಟು ತಡವಾದರೆ ಅಂದಿನ ಗುಳಿಗೆ ತೆಗೆದುಕೊಳ್ಳಬೇಡಿ, ಮೊದಲು ಪರೀಕ್ಷೆ ಮಾಡಿಸಿ’ ಎಂದು ಬಿಡಿಸಿ ಬರೆಯಲು ಕನ್ನಡಕ್ಕೆ ಪದಗಳ ಕೊರತೆಯಿಲ್ಲ. ಸ್ವತಃ ವೈದ್ಯೆಯಾಗಿದ್ದ ಅನುಪಮಾ ನಿರಂಜನ ಅವರು ‘ತಾಯಿ ಮಗು’, ‘ದಾಂಪತ್ಯ ದೀಪಿಕೆ’ಗಳಲ್ಲಿ ಇಂಥ ವಿಷಯಗಳನ್ನು ಸಂಕೋಚವಿಲ್ಲದ, ಅಷ್ಟೇ ಸಭ್ಯವಾದ ಗದ್ಯದಲ್ಲಿ ಬರೆದು ತೋರಿಸಿದ್ದಾರೆ. ಆ ಗದ್ಯದ ಎರಡು ಸಾಲು ಗುಳಿಗೆಯ ಡಬ್ಬಿಯ ಮೇಲೆ ಕನ್ನಡದಲ್ಲಿ ಒಂದು ಮಗ್ಗುಲಿಗೆ, ಮರಾಠಿಯಲ್ಲಿ ಇನ್ನೊಂದು ಮಗ್ಗುಲಿಗೆ, ಓದಬರದ ಅಜ್ಜಿಗೆ ಮೊಮ್ಮಗಳು ತಡವರಿಸದೆ ಓದಿ ಹೇಳುವಷ್ಟು ದಪ್ಪ ಅಕ್ಷರದಲ್ಲಿ ಬರಬೇಕಾಗಿದೆ.